ಸಾವಿರ ವರ್ಷದ ಹಬ್ಬವನ್ನು ನಿಲ್ಲಿಸುವ ಅಧಿಕಾರ ಯಾರದು? ಜಪಾನಿನ ಮತ್ಸುರಿಗಳ ಬಗ್ಗೆ ಒಂದು ಚರ್ಚೆ

ಹಳೇಸೇತುವೆ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಮನಸ್ಸಿನಲ್ಲಿ ಉಳಿದುಕೊಂಡಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಜಪಾನಿನ ಈಶಾನ್ಯ ಭಾಗದ ಇವಾತೆ ಪ್ರಾಂತ್ಯದಲ್ಲಿ ಓಶೂ ಎಂಬ ನಗರವಿದೆ. ಅಲ್ಲಿನ ಕೊಕುಸೆಕಿ-ಜಿ ಎಂಬ ಬೌದ್ಧ ದೇವಾಲಯದಲ್ಲಿ, ಸಾವಿರ ವರ್ಷಗಳಿಗೂ ಮಿಕ್ಕ ಪರಂಪರೆಯುಳ್ಳದ್ದೆಂದು ಹೆಸರಾಗಿದ್ದ ಸೊಮಿನ್-ಸಾಯ್ ಹಬ್ಬವು 2024ರ ಫೆಬ್ರುವರಿ 17ರ ರಾತ್ರಿ ಕೊನೆಯ ಬಾರಿಗೆ ನಡೆಯಿತು. ಚಳಿಗಾಲದ ನಡುವೆ ಕಚ್ಚೆಯೊಂದನ್ನೇ ಉಟ್ಟ ಗಂಡಸರು ಹೊಳೆಯ ಕೊರೆಯುವ ನೀರಿನಲ್ಲಿ ಮಿಂದು, ಕೇಡು ತೊಲಗಲಿ ಎಂಬ ಅರ್ಥದಲ್ಲಿ "ಜಾಸ್ಸೊ, ಜೋಯಾಸಾ" ಎಂದು ಕೂಗುತ್ತ ಮೆರವಣಿಗೆ ಹೋಗಿ, ಕೊನೆಗೆ ಮರದ ತಾಯಿತಗಳನ್ನು ತುಂಬಿದ ಚೀಲವೊಂದಕ್ಕಾಗಿ ಮೈಗೆ ಮೈ ಒತ್ತಿ ಸೆಣಸುವುದು ಈ ಹಬ್ಬದ ಮುಖ್ಯ ಭಾಗವಾಗಿತ್ತು. ಹಿಂದೆ ಇದು ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಕೊನೆಯ ವರ್ಷ ಮಧ್ಯರಾತ್ರಿಗೆ ಮೊದಲೇ ಮುಗಿಯಿತು.

ಈ ಹಬ್ಬಕ್ಕೆ ಜನರ ಕೊರತೆ ಇರಲಿಲ್ಲ. ಕೊನೆಯ ರಾತ್ರಿಯೂ ನೂರಾರು ಗಂಡಸರು ಬಂದಿದ್ದರು, ನೋಡಲು ಬಂದವರು ಅದಕ್ಕಿಂತ ಹೆಚ್ಚಿದ್ದರು. ಆದರೆ ತಾಯಿತಗಳನ್ನು ಸಿದ್ಧಪಡಿಸುವುದು, ವಿಧಿಗಳಿಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದು ಮುಂತಾದ ಹೊಣೆಯೆಲ್ಲ ದೇವಾಲಯಕ್ಕೆ ಸೇರಿದ ಬೆರಳೆಣಿಕೆಯ ಮನೆತನಗಳದ್ದಾಗಿತ್ತು. ಆ ಮನೆಗಳ ಹಿರಿಯರಿಗೆ ವಯಸ್ಸಾಯಿತು, ಮುಂದೆ ಬಂದು ಹೊರುವವರು ಇಲ್ಲವಾದರು. ಆದ್ದರಿಂದ ದೇವಾಲಯವೇ ಹಬ್ಬವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಪ್ರಾರ್ಥನೆಗಳು ಮುಂದುವರಿಯುತ್ತವೆ, ಹಬ್ಬ ಮಾತ್ರ ಇರುವುದಿಲ್ಲ ಎಂದಿತು.

ಈ ಸುದ್ದಿಯನ್ನು ಓದಿ ನನಗೆ ನಿಜವಾಗಿಯೂ ದುಃಖವಾಯಿತು. ದೂರದ ಊರುಗಳಿಂದ ಚಳಿಯನ್ನು ಲೆಕ್ಕಿಸದೆ ಬರಲು ಸಿದ್ಧರಿದ್ದ ಅಷ್ಟೊಂದು ಜನರಿರುವಾಗ, ಅವರಿಗೇ ಆ ಕೆಲಸಗಳನ್ನು ಕಲಿಸಿ ಒಪ್ಪಿಸಬಹುದಿತ್ತಲ್ಲವೇ? ಅಷ್ಟು ತಲೆಮಾರುಗಳು ನಡೆಸಿಕೊಂಡು ಬಂದುದನ್ನು ಈಗಿನ ಒಂದು ತಲೆಮಾರು ನಿಲ್ಲಿಸಿಬಿಡಬಹುದೇ? ಜಪಾನಿನಲ್ಲಿ ನೆಲೆಸಿರುವವರು, ಅಲ್ಲಿನ ಆಚರಣೆಗಳನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ಬರೆಯಬೇಕು.

ಕಮೋದಂಡೆ

ಹಳೇಸೇತುವೆ ಅವರಿಗೆ ನಮಸ್ಕಾರ. ನಾನು ಕ್ಯೋಟೋದಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಕೊಕುಸೆಕಿ-ಜಿಗೆ ಹೋದವನಲ್ಲ, ಆದರೆ ನೀವು ಹೆಸರಿಸಿದ ಸೊಮಿನ್ ನಮ್ಮ ಬೀದಿಯ ಮನೆಮನೆಯ ಬಾಗಿಲ ಮೇಲೂ ಇದ್ದಾನೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಹಳೆಯ ಕಥೆ ಹೀಗಿದೆ. ದಾರಿಹೋಕನ ವೇಷದಲ್ಲಿ ಬಂದ ದೇವರೊಬ್ಬನು ರಾತ್ರಿ ತಂಗಲು ಜಾಗ ಕೇಳಿದಾಗ ಸಿರಿವಂತನಾದ ಕೋತಾನ್ ಶೋರಾಯ್ ಇಲ್ಲವೆಂದನು. ಬಡವನಾದ ಅವನ ಸೋದರ ಸೊಮಿನ್ ಶೋರಾಯ್ ಹುಲ್ಲಿನ ಆಸನ ಹಾಕಿ, ತನ್ನಲ್ಲಿದ್ದ ಕಿರುಧಾನ್ಯದ ಅನ್ನವನ್ನೇ ಬಡಿಸಿದನು. ವರ್ಷಗಳ ನಂತರ ಮರಳಿ ಬಂದ ದೇವರು, ಸೊಂಟಕ್ಕೆ ಹುಲ್ಲಿನ ಬಳೆಯನ್ನು ಕಟ್ಟಿಕೊಂಡು "ನಾವು ಸೊಮಿನ್ ಶೋರಾಯನ ಸಂತತಿ" ಎಂದು ಹೇಳುವವರನ್ನು ಯಾವ ಪಿಡುಗೂ ಮುಟ್ಟದೆಂದು ವರ ಕೊಟ್ಟನು. ಆ ದೇವರನ್ನು ಮುಂದೆ ಗೋಜು ತೆನ್ನೋ ಎಂದು, ಸುಸಾನೋ ಎಂದು ಕರೆದರು. ಕ್ಯೋಟೋದ ಯಾಸಾಕಾ ದೇಗುಲದ ದೇವರು ಅವನೇ, ಜುಲೈ ತಿಂಗಳಿಡೀ ನಡೆಯುವ ಗಿಯೋನ್ ಮತ್ಸುರಿ ಅವನದೇ ಹಬ್ಬ. ಗಿಯೋನ್ ಎಂಬ ಹೆಸರು ಶ್ರಾವಸ್ತಿಯ ಜೇತವನಕ್ಕೆ ಚೀನೀ ಲಿಪಿಯಲ್ಲಿರುವ ಹೆಸರಿನ ಸಂಕ್ಷೇಪ; ಅನಾಥಪಿಂಡಕನು ಬುದ್ಧನಿಗೆ ಒಪ್ಪಿಸಿದ ತೋಪು ಅದು. ಗೋಜು ತೆನ್ನೋ ಆ ತೋಪಿನ ಕಾವಲು ದೇವತೆ ಎಂಬ ನಂಬಿಕೆಯಿತ್ತು. 1868ರಲ್ಲಿ ಸರಕಾರ ಶಿಂತೋ ಮತ್ತು ಬೌದ್ಧ ಪಂಥಗಳನ್ನು ಬೇರ್ಪಡಿಸಿದಾಗ ದೇಗುಲದ ಹೆಸರನ್ನು ಯಾಸಾಕಾ ಎಂದು ಬದಲಿಸಿ ಸುಸಾನೋನನ್ನು ಮುಖ್ಯ ದೇವರೆಂದು ಘೋಷಿಸಲಾಯಿತು. ಜನರ ಬಾಯಲ್ಲಿ ಹಬ್ಬದ ಹೆಸರು ಮಾತ್ರ ಗಿಯೋನ್ ಆಗಿಯೇ ಉಳಿಯಿತು.

ಈ ಹಬ್ಬ ಹುಟ್ಟಿದ್ದು 869ರಲ್ಲಿ, ನಾಡಿನಲ್ಲಿ ಪಿಡುಗು ಹಬ್ಬಿದ್ದಾಗ. ಅಂದಿನ ಪ್ರಾಂತ್ಯಗಳ ಲೆಕ್ಕಕ್ಕೆ ಸರಿಯಾಗಿ 66 ಭರ್ಜಿಗಳನ್ನು ನೆಟ್ಟು, ಪಿಡುಗಿನ ಶಕ್ತಿಗಳನ್ನು ಶಾಂತಗೊಳಿಸುವ ಪೂಜೆ ಮಾಡಿದರು. ಆ ಭರ್ಜಿಗಳೇ ಕಾಲಕ್ರಮದಲ್ಲಿ ರಥಗಳಾದವು. ದೊಡ್ಡ ರಥಕ್ಕೆ ಹೊಕೊ, ಚಿಕ್ಕದಕ್ಕೆ ಯಾಮಾ ಎಂದು ಹೆಸರು (ಯಾಮಾ ಎಂದರೆ ಜಪಾನಿ ಭಾಷೆಯಲ್ಲಿ ಬೆಟ್ಟ, ನಮ್ಮ ಯಮನಿಗೂ ಇದಕ್ಕೂ ಸಂಬಂಧವಿಲ್ಲ). ದೊಡ್ಡ ಹೊಕೊ ಒಂದರ ಎತ್ತರ ಸುಮಾರು 25 ಮೀಟರ್, ತೂಕ ಸುಮಾರು 12 ಟನ್.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜುಲೈ 17ರ ಬೆಳಿಗ್ಗೆ ರಸ್ತೆಯ ಬದಿಯಲ್ಲಿ ನಿಂತ ಲಕ್ಷಾಂತರ ಜನ ನೋಡುವುದು ಹಬ್ಬದ ಕೆಲವು ಗಂಟೆಗಳನ್ನು ಮಾತ್ರ. ಜುಲೈ 10ರ ಸುಮಾರಿಗೆ ಬೀದಿಗಳಲ್ಲಿ ರಥ ಕಟ್ಟುವ ಕೆಲಸ ಆರಂಭವಾಗುತ್ತದೆ. ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಮರದ ತೊಲೆಗಳನ್ನು ಹುಲ್ಲಿನ ಹಗ್ಗದಿಂದಲೇ ಬಿಗಿಯುತ್ತಾರೆ. ಇದಕ್ಕೆ ನಾವಾಗರಾಮಿ ಎನ್ನುತ್ತಾರೆ. ರಥ ಚಲಿಸುವಾಗ ಚೌಕಟ್ಟು ತುಸು ಬಾಗಿ ತೂಗಬೇಕು, ಮೊಳೆ ಹೊಡೆದರೆ ಮರ ಸೀಳಿಬಿಡುತ್ತದೆ. ಕಟ್ಟುವವರು, ಬಡಗಿಗಳು, ಚಕ್ರದವರು ಎಂದು ಮೂರು ತಂಡಗಳಿವೆ. ರಥದ ಅಚ್ಚು ತಿರುಗುವಂಥದ್ದಲ್ಲ. ಅಡ್ಡರಸ್ತೆ ಬಂದಾಗ ಸೀಳಿದ ಬಿದಿರನ್ನು ಚಕ್ರಗಳ ಕೆಳಗೆ ಹಾಸಿ, ನೀರು ಸುರಿದು, ಹಗ್ಗವನ್ನು ಪಕ್ಕಕ್ಕೆ ಎಳೆದು, ಇಡೀ ರಥವನ್ನು ಮೂರೋ ನಾಲ್ಕೋ ಎಳೆತಗಳಲ್ಲಿ ಜಾರಿಸಿ ತಿರುಗಿಸಬೇಕು. ರಥದ ಮುಂಭಾಗದಲ್ಲಿ ನಿಂತವರು ಬೀಸಣಿಗೆಯನ್ನು ಬೀಸಿ ಕೂಗು ಹಾಕಿದ ಕ್ಷಣವೇ ಎಳೆಯಬೇಕು.

ಮೂರು ವರ್ಷದ ಹಿಂದೆ ಸ್ವಯಂಸೇವಕನಾಗಿ ಆ ಹಗ್ಗವನ್ನು ಹಿಡಿಯುವ ಭಾಗ್ಯ ನನಗೆ ಸಿಕ್ಕಿತು. ಹಗ್ಗ ಎಳೆಯುವುದನ್ನು ನನ್ನಂಥವನಿಗೆ ಅರ್ಧ ದಿನದಲ್ಲಿ ಕಲಿಸಬಹುದು. ಆದರೆ ಚಕ್ರದ ಮುಂದೆ ಬಗ್ಗಿ, ಹಿಡಿಕೆಯುಳ್ಳ ಬೆಣೆಯನ್ನು ಚಕ್ರದಡಿಗೆ ಕೊಟ್ಟು ರಥದ ದಾರಿಯನ್ನು ತಿದ್ದುವ ಕೆಲಸವನ್ನು, ತಂದೆಯ ಜೊತೆ ಹುಡುಗನಾಗಿದ್ದಾಗಿನಿಂದ ನಿಂತು ನೋಡಿದವನೇ ಮಾಡಬಲ್ಲ. ಕೊಕುಸೆಕಿ-ಜಿಗೆ ಬಂದ ನೂರಾರು ಗಂಡಸರು ಹಗ್ಗ ಹಿಡಿಯುವವರು. ಅಲ್ಲಿ ಇಲ್ಲವಾದದ್ದು ಬೆಣೆ ಹಿಡಿಯುವವರು. ಒಂದು ರಾತ್ರಿಗೆ ಬರುವವರು ಎಷ್ಟೇ ಪ್ರೀತಿಯಿಂದ ಬಂದರೂ ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳ ಹೊಣೆ ಆ ಕೆಲವೇ ಮನೆಗಳದ್ದು. ಆ ಮನೆಗಳ ಹಿರಿಯರು ಇನ್ನು ಸಾಕು ಎಂದರೆ, ಅವರನ್ನು ಪ್ರಶ್ನಿಸುವ ಅಧಿಕಾರ ನನಗಿದೆ ಎಂದು ಅನ್ನಿಸುವುದಿಲ್ಲ.

ತೆಂಕಣಗಾಳಿ

ಕಮೋದಂಡೆ ಅವರ ಬರಹವನ್ನು ಗೌರವದಿಂದ ಓದಿದೆ. ಆದರೂ ಕೊನೆಯ ಮಾತನ್ನು ಒಪ್ಪಲು ನನಗೆ ಕಷ್ಟವಾಗುತ್ತಿದೆ.

ಹೊರುವವರು ಇಲ್ಲ ಎನ್ನುವುದಕ್ಕೆ ಮೊದಲು, ಹೊರಲು ಯಾರನ್ನು ಕರೆದೆವು, ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿದೆವು ಎಂಬುದನ್ನೂ ಕೇಳಬೇಡವೇ? ಗಿಯೋನ್ ಮೆರವಣಿಗೆಯಲ್ಲಿ ಮೊದಲು ಸಾಗುವ ನಾಗಿನಾತಾ-ಹೊಕೊ ರಥವನ್ನು ಇಂದಿಗೂ ಹೆಂಗಸರು ಹತ್ತುವಂತಿಲ್ಲ. ಬೇರೆ ಕೆಲವು ರಥಗಳವರು ಈ ಕಟ್ಟನ್ನು ಸಡಿಲಿಸಿದ್ದಾರೆ, ಹೆಂಗಸರು ವಾದ್ಯ ನುಡಿಸುವ ರಥಗಳೂ ಇವೆ. ಸೊಮಿನ್-ಸಾಯ್ ಕೊನೆಗೊಂಡ ಕೆಲವೇ ದಿನಗಳಲ್ಲಿ, 2024ರ ಫೆಬ್ರುವರಿ 22ರಂದು, ಐಚಿ ಪ್ರಾಂತ್ಯದ ಇನಾಜಾವಾದಲ್ಲಿ ಕೋನೋಮಿಯಾ ದೇಗುಲದ ಹಬ್ಬ ನಡೆಯಿತು. ಅದೂ ಕಚ್ಚೆಯುಟ್ಟ ಗಂಡಸರದೇ ಹಬ್ಬ. ಆ ವರ್ಷ ಮೊದಲ ಬಾರಿಗೆ ಹೆಂಗಸರ ತಂಡಗಳು, ಹಬ್ಬದ ಹಾಪ್ಪಿ ಎಂಬ ಮೇಲಂಗಿಯನ್ನು ತೊಟ್ಟು, ಬಟ್ಟೆ ಸುತ್ತಿದ ಬಿದಿರನ್ನು ಹೊತ್ತು ದೇಗುಲಕ್ಕೆ ಅರ್ಪಿಸಿದವು. ಒಂದೇ ತಿಂಗಳಲ್ಲಿ ಒಂದು ಹಬ್ಬ ಮುಗಿಯಿತು, ಇನ್ನೊಂದು ಹೊಸಬರಿಗೆ ಬಾಗಿಲು ತೆರೆಯಿತು. ಎರಡೂ ಚಳಿಗಾಲದ ಹಬ್ಬಗಳು, ಎರಡಕ್ಕೂ ಕೇಡನ್ನು ಕಳೆಯುವುದೇ ಉದ್ದೇಶ. ಎರಡನೆಯ ದಾರಿ ಇದ್ದಾಗ ಮೊದಲನೆಯದನ್ನು ಅನಿವಾರ್ಯ ಎನ್ನಬಹುದೇ?

ಕಮೋದಂಡೆ

ತೆಂಕಣಗಾಳಿ ಅವರೇ, ಇನಾಜಾವಾದ ಉದಾಹರಣೆ ಸರಿಯಾದದ್ದು. ಅಲ್ಲಿ ಊರಿನ ಹೆಂಗಸರು ತಾವಾಗಿ ಕೇಳಿದರು, ದೇಗುಲದವರು ಒಪ್ಪಿದರು. ಗಿಯೋನ್‌ನಲ್ಲಿ ಆ ತೀರ್ಮಾನ ಆಯಾ ರಥದ ಬೀದಿಯವರಿಗೆ ಬಿಟ್ಟದ್ದು. ನಾನಿರುವ ಬೀದಿಯಲ್ಲಿ ಹಿರಿಯ ಹೆಂಗಸರೇ ಕೆಲವರು ಬದಲಾವಣೆ ಬೇಡವೆನ್ನುತ್ತಾರೆ, ಅವರ ಸೊಸೆಯರು ಬೇಕೆನ್ನುತ್ತಾರೆ. ನನಗೆ ಸೊಸೆಯರ ಮಾತೇ ಸರಿಯೆನಿಸುತ್ತದೆ. ಆದರೆ ಅದು ಆ ಮನೆಗಳವರೇ ಕುಳಿತು ಬಗೆಹರಿಸಿಕೊಳ್ಳುತ್ತಿರುವ ವಿಷಯವಾದ್ದರಿಂದ ನಾನು ಅಲ್ಲಿ ಬಾಯಿ ಹಾಕಿದವನಲ್ಲ.

ನೂಲೆಳೆ

ನಾನು ಜವಳಿ ಇತಿಹಾಸದ ವಿದ್ಯಾರ್ಥಿನಿ. ಹೊಣೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯನ್ನು ಸೇರಿಸಬಯಸುತ್ತೇನೆ, ಏಕೆಂದರೆ ಈ ರಥಗಳ ಮೇಲೆ ನಮ್ಮ ನೆಲದ ಗುರುತೂ ಇದೆ.

ಗಿಯೋನ್ ರಥಗಳ ನಾಲ್ಕೂ ಬದಿಗಳಲ್ಲಿ ತೂಗುವ ಬಟ್ಟೆಗಳನ್ನು ಎದೋ ಕಾಲದ (17ರಿಂದ 19ನೇ ಶತಮಾನ) ಕ್ಯೋಟೋದ ಬಟ್ಟೆ ವರ್ತಕರು ತಮ್ಮ ತಮ್ಮ ಬೀದಿಯ ಹೆಮ್ಮೆಗಾಗಿ ಪೈಪೋಟಿಯಿಂದ ಕೊಂಡು ತಂದರು. ನಿವಾತೊರಿ-ಹೊಕೊದ ಹಿಂಬದಿಯಲ್ಲಿ 16ನೇ ಶತಮಾನದ ಬೆಲ್ಜಿಯಂ ನೇಯ್ಗೆಯಿದೆ. ಅದರ ಮೇಲಿರುವುದು ಟ್ರಾಯ್ ಯುದ್ಧಕ್ಕೆ ಹೊರಟ ಹೆಕ್ಟರನು ಹೆಂಡತಿ ಮಗನಿಂದ ಬೀಳ್ಕೊಳ್ಳುವ ದೃಶ್ಯ. ಕಾಂಕೊ-ಹೊಕೊದ ಮುಂಭಾಗದ ನೇಯ್ಗೆಯಲ್ಲಿ ಬೈಬಲಿನ ರೆಬೆಕ್ಕಳು ಬಾವಿಯ ಬಳಿ ನೀರು ಕೊಡುತ್ತಿದ್ದಾಳೆ. ಕ್ರೈಸ್ತ ಮತವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದ ಕಾಲದಲ್ಲಿ ಅದು ಶಿಂತೋ ದೇವರ ಮೆರವಣಿಗೆಯಲ್ಲಿ ರಾಜಬೀದಿಯಲ್ಲೇ ಸಾಗುತ್ತಿತ್ತು. ಇವುಗಳ ಜೊತೆಗೆ ಭಾರತದ ರತ್ನಗಂಬಳಿಗಳೂ ಇವೆ, ಅವುಗಳಲ್ಲಿ ಹಲವನ್ನು ದಖ್ಖನಿನ ಮಗ್ಗಗಳಲ್ಲಿ ನೇಯ್ದವೆಂದು ತಜ್ಞರು ಗುರುತಿಸಿದ್ದಾರೆ. ಡಚ್ಚರ ಹಡಗುಗಳಲ್ಲಿ ನಾಗಾಸಾಕಿಗೆ ಬಂದು ಅಲ್ಲಿಂದ ಕ್ಯೋಟೋ ಸೇರಿದ ಗಂಬಳಿಗಳು ಅವು. ದಖ್ಖನಿನ ಆ ಕಾಲದ ಗಂಬಳಿಗಳು ನಮ್ಮಲ್ಲಿ ಉಳಿದಿರುವುದು ಬಹಳ ಕಡಿಮೆ. ನೆಲದ ಮೇಲೆ ಹಾಸಿದ್ದು ತುಳಿದು ತುಳಿದು ಸವೆದುಹೋಗುತ್ತದೆ. ವರ್ಷಕ್ಕೆ ಕೆಲವೇ ದಿನ ಹೊರತೆಗೆದು, ಗಾಳಿಗೆ ಒಣಗಿಸಿ, ಮಡಿಸಿ ಪೆಟ್ಟಿಗೆಯಲ್ಲಿಟ್ಟದ್ದು ಮುನ್ನೂರು ವರ್ಷ ಬಾಳುತ್ತದೆ. ಈಚಿನ ದಶಕಗಳಲ್ಲಿ ಅನೇಕ ರಥಗಳವರು ಮೂಲ ಬಟ್ಟೆಗಳನ್ನು ಜೋಪಾನವಾಗಿ ತೆಗೆದಿಟ್ಟು, ಹೊಸದಾಗಿ ನೇಯಿಸಿದ ಪ್ರತಿಕೃತಿಗಳನ್ನು ಮೆರವಣಿಗೆಗೆ ಬಳಸುತ್ತಿದ್ದಾರೆ.

ನನ್ನ ಮಾತಿನ ಉದ್ದೇಶವಿಷ್ಟೇ. ಹಬ್ಬಕ್ಕೆ ಬೇಕಾದ ವಸ್ತುಗಳು ಹೊರಗಿನಿಂದ, ಎಷ್ಟು ದೂರದಿಂದ ಬಂದರೂ ಆ ಬೀದಿಗಳು ಅವನ್ನು ತಮ್ಮದಾಗಿಸಿಕೊಂಡವು. ಗಂಬಳಿಯನ್ನು ಒಳಗೆ ಕರೆದುಕೊಂಡ ಊರು ಮನುಷ್ಯರನ್ನೂ ಕರೆದುಕೊಳ್ಳಬಲ್ಲದು ಎಂಬ ಭರವಸೆ ನನಗಿದೆ.

ಬೆಳ್ದಿಂಗಳು

ಕ್ಯೋಟೋ ದೊಡ್ಡ ನಗರ, ಅಲ್ಲಿ ಹಣವಿದೆ, ಯುನೆಸ್ಕೋ ಮನ್ನಣೆಯಿದೆ, ವಿದ್ಯಾರ್ಥಿಗಳಿದ್ದಾರೆ. ಇಲ್ಲಿ ಕೇಳಿರುವ ಪ್ರಶ್ನೆ ನಿಜವಾಗಿ ಕುಗ್ಗುತ್ತಿರುವ ಹಳ್ಳಿಗಳದ್ದು. ಆದ್ದರಿಂದ ನೋತೋ ಪರ್ಯಾಯ ದ್ವೀಪದ ಬಗ್ಗೆ ಬರೆಯುತ್ತೇನೆ. ಕಾನಾಜಾವಾದಲ್ಲಿ ಓದುತ್ತಿದ್ದಾಗ ಆ ಕಡೆಗೆ ಹಲವು ಬಾರಿ ಹೋಗಿದ್ದೆ.

ಒಳನೋತೋದ ರೈತರ ಮನೆಗಳಲ್ಲಿ ಆಎ ನೊ ಕೊತೊ ಎಂಬ ಆಚರಣೆಯಿದೆ. ಡಿಸೆಂಬರ್ 5ರಂದು ಮನೆಯ ಯಜಮಾನ ಹಬ್ಬದ ಉಡುಪು ತೊಟ್ಟು ಗದ್ದೆಗೆ ಹೋಗಿ, ಅಲ್ಲಿರುವ ಗದ್ದೆಯ ದೇವರನ್ನು ಮನೆಗೆ ಕರೆತರುತ್ತಾನೆ. ದೇವರು ಕಣ್ಣಿಗೆ ಕಾಣುವುದಿಲ್ಲ. ದೇವರಿಗೂ ಕಣ್ಣು ಕಾಣುವುದಿಲ್ಲ, ಭತ್ತದ ಎಲೆಯ ತುದಿ ಚುಚ್ಚಿ ದೃಷ್ಟಿ ಹೋಯಿತೆಂಬುದು ಅಲ್ಲಿನ ನಂಬಿಕೆ. ಆದ್ದರಿಂದ ಯಜಮಾನ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳುತ್ತಾನೆ: ಇಲ್ಲಿ ಹೊಸ್ತಿಲಿದೆ, ಸ್ನಾನದ ನೀರು ಹದವಾಗಿದೆ, ಇದು ಹೊಸ ಅಕ್ಕಿಯ ಅನ್ನ, ಇದು ಮೀನು, ಇದು ಮೂಲಂಗಿ. ದೇವದಂಪತಿಗಳೆಂದು ಎರಡು ಎಲೆ ಹಾಕಿದಂತೆ ಎರಡು ಊಟದ ಮಣೆಗಳನ್ನು ಇಡುತ್ತಾರೆ. ದೇವರು ಚಳಿಗಾಲವನ್ನು ಮನೆಯಲ್ಲೇ ಕಳೆಯುತ್ತಾನೆ. ಫೆಬ್ರುವರಿ 9ರಂದು ಮತ್ತೆ ಉಪಚಾರ ಮಾಡಿ ಗದ್ದೆಗೆ ಬೀಳ್ಕೊಡುತ್ತಾರೆ. 2009ರಲ್ಲಿ ಯುನೆಸ್ಕೋ ಇದನ್ನು ತನ್ನ ಪಟ್ಟಿಗೆ ಸೇರಿಸಿತಾದರೂ ಇದರಲ್ಲಿ ಪ್ರವಾಸಿಗೆ ನೋಡಲು ಏನೂ ಇಲ್ಲ. ಮುದುಕನೊಬ್ಬ ಖಾಲಿ ಮಣೆಯ ಮುಂದೆ ಕುಳಿತು ವಿನಯದಿಂದ ಮಾತನಾಡುತ್ತಾನೆ, ಅಷ್ಟೇ. ನಾನು ಕಂಡ ಆಚರಣೆಗಳಲ್ಲಿ ಇದರಷ್ಟು ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದಿಲ್ಲ.

2024ರ ಜನವರಿ 1ರ ಸಂಜೆ 4 ಗಂಟೆ 10 ನಿಮಿಷಕ್ಕೆ ನೋತೋದಲ್ಲಿ 7.6 ಪ್ರಮಾಣದ ಭೂಕಂಪವಾಯಿತು. ದಿನಾಂಕಗಳನ್ನು ಗಮನಿಸಿ. ಗದ್ದೆಯ ದೇವರು ಅಂದು ಮನೆಗಳ ಒಳಗೇ ಇದ್ದ.

ಅದೇ ವರ್ಷ ಜುಲೈ 5 ಮತ್ತು 6ರಂದು ನೋತೋದ ಉಶಿತ್ಸು ಊರಿನವರು ತಮ್ಮ ಅಬಾರೆ ಹಬ್ಬವನ್ನು ನಡೆಸಿದರು. ಕಮೋದಂಡೆ ಅವರು ಹೇಳಿದ ಗೋಜು ತೆನ್ನೋನದೇ ಹಬ್ಬ ಇದು. ಸುಮಾರು 350 ವರ್ಷಗಳ ಹಿಂದೆ ಊರಿಗೆ ಪಿಡುಗು ಬಂದಾಗ ಕ್ಯೋಟೋದ ಗಿಯೋನ್‌ನಿಂದ ಆ ದೇವರನ್ನು ಕರೆತಂದರೆಂದೂ, ದೇವರು ಕಣಜದ ರೂಪದಲ್ಲಿ ರೋಗಿಗಳನ್ನು ಕುಟುಕಿ ಗುಣಪಡಿಸಿದನೆಂದೂ ಹೇಳುತ್ತಾರೆ. ಕಿರಿಕೊ ಎಂಬ ಎತ್ತರದ ದೀಪಗೂಡುಗಳನ್ನು ಹೊತ್ತು ಉರಿಯುವ ಪಂಜುಗಳ ಸುತ್ತ ಕಿಡಿಗಳ ಮಳೆಯಲ್ಲಿ ಸುತ್ತುತ್ತಾರೆ. ದೇವರ ಪಲ್ಲಕ್ಕಿಯಾದ ಮಿಕೋಶಿಯನ್ನು ಸಮುದ್ರಕ್ಕೆ, ಹೊಳೆಗೆ, ಬೆಂಕಿಗೆ ಎಸೆದು, ನೆಲಕ್ಕೆ ಅಪ್ಪಳಿಸುತ್ತಾರೆ. ಎಷ್ಟು ಒರಟಾಗಿ ನಡೆದುಕೊಂಡರೆ ಈ ದೇವರಿಗೆ ಅಷ್ಟು ಸಂತೋಷವಂತೆ. ಮನೆಗಳು ಕುಸಿದಿದ್ದವು, ಅನೇಕರು ಬೇರೆ ಊರುಗಳಲ್ಲಿ ಆಶ್ರಯ ಪಡೆದಿದ್ದರು. ಆದರೂ ಹಬ್ಬಕ್ಕಾಗಿ ಬಂದರು. ಹೊಸ ವರ್ಷಕ್ಕೂ, ಗತಿಸಿದ ಹಿರಿಯರನ್ನು ನೆನೆಯುವ ಬೋನ್ ಹಬ್ಬಕ್ಕೂ ಬಾರದವರು ಊರ ಹಬ್ಬಕ್ಕೆ ಬಂದೇ ಬರುತ್ತಾರೆ ಎಂಬ ಮಾತು ನೋತೋದಲ್ಲಿದೆ. ಅದೇ ಬೇಸಿಗೆಯಲ್ಲಿ ಹಬ್ಬವನ್ನು ನಡೆಸಲಾಗದೆ ಕೈಬಿಟ್ಟ ಊರುಗಳೂ ನೋತೋದಲ್ಲಿದ್ದವು. ಅವರನ್ನು ಯಾರೂ ದೂರಲಿಲ್ಲ.

ಹಳೇಸೇತುವೆ

ಎಲ್ಲರ ಬರಹಗಳನ್ನೂ ಎರಡೆರಡು ಬಾರಿ ಓದಿದೆ. ಬೆಳ್ದಿಂಗಳು ಅವರು ಬರೆದ ಜನವರಿ 1ರ ಮಾತನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ನನ್ನ ಮೊದಲ ಪ್ರಶ್ನೆಯಲ್ಲಿ ತಪ್ಪಿತ್ತೆಂದು ಈಗ ಕಾಣುತ್ತಿದೆ. ಬರುವವರನ್ನೂ ನಡೆಸುವವರನ್ನೂ ನಾನು ಒಂದೇ ಎಂದುಕೊಂಡಿದ್ದೆ. ಆದರೂ ಒಂದು ಸಂದೇಹ ಉಳಿದಿದೆ. ಒಮ್ಮೆ ನಿಂತ ಹಬ್ಬ ಮತ್ತೆ ಎದ್ದು ನಿಂತ ಉದಾಹರಣೆ ಇದೆಯೇ? ಬೆಣೆ ಹಿಡಿಯುವವನ ವಿದ್ಯೆ ಅವನೊಂದಿಗೇ ಹೋದ ಮೇಲೆ ಅದನ್ನು ಮರಳಿ ಪಡೆಯುವುದು ಹೇಗೆ?

ಕಮೋದಂಡೆ

ಇದೆ. ಇದನ್ನು ಮೊದಲೇ ಬರೆಯಬೇಕಾಗಿತ್ತು.

ಗಿಯೋನ್ ಹಬ್ಬವೇ ಹಲವು ಬಾರಿ ನಿಂತಿದೆ. 1467ರಲ್ಲಿ ಆರಂಭವಾದ ಓನಿನ್ ಯುದ್ಧದಲ್ಲಿ ನಗರ ಸುಟ್ಟುಹೋದ ಮೇಲೆ ರಥಗಳು ಮತ್ತೆ ಹೊರಟದ್ದು 1500ರಲ್ಲಿ. ಸುರಂಗ ರೈಲಿನ ಕಾಮಗಾರಿಯಿಂದಾಗಿ 1962ರಲ್ಲಿ ಮೆರವಣಿಗೆ ಇರಲಿಲ್ಲ. ಕೊರೊನಾ ಕಾರಣದಿಂದ 2020 ಮತ್ತು 2021ರಲ್ಲಿಯೂ ಇರಲಿಲ್ಲ, ಪಿಡುಗನ್ನು ಓಡಿಸಲೆಂದೇ ಹುಟ್ಟಿದ ಹಬ್ಬವನ್ನು ಪಿಡುಗಿಗಾಗಿ ನಿಲ್ಲಿಸಬೇಕಾಗಿ ಬಂದಾಗ ನಮ್ಮ ಬೀದಿಯ ಹಿರಿಯರು ಪಟ್ಟ ಸಂಕಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜುಲೈ 24ರ ಎರಡನೆಯ ಮೆರವಣಿಗೆಯನ್ನು 1966ರಲ್ಲಿ ಮೊದಲನೆಯದರೊಂದಿಗೆ ಸೇರಿಸಿಬಿಟ್ಟಿದ್ದರು. 2014ರಲ್ಲಿ ಅದನ್ನು ಮತ್ತೆ ಬೇರ್ಪಡಿಸಿ ಹಳೆಯ ಕ್ರಮಕ್ಕೆ ತಂದರು. 1864ರ ಬೆಂಕಿಯಲ್ಲಿ ಸುಟ್ಟುಹೋಗಿದ್ದ ಹಡಗಿನಾಕಾರದ ಓಫುನೆ-ಹೊಕೊ ಅದೇ ವರ್ಷ ಮರಳಿ ಬಂತು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ತಾಕಾ-ಯಾಮಾ. 1826ರಲ್ಲಿ ಮಳೆಗಾಳಿಗೆ ಸಿಕ್ಕಿ ಹಾಳಾದ ಆ ರಥ ಮುಂದಿನ ವರ್ಷದಿಂದ ಹೊರಡಲಿಲ್ಲ. 1864ರ ಬೆಂಕಿಯಲ್ಲಿ ಉಳಿದದ್ದರಲ್ಲೂ ಹೆಚ್ಚಿನದು ಹೋಯಿತು. ಆದರೆ ದೇವರೆಂದು ಪೂಜಿಸುವ ಬೊಂಬೆಗಳ ಭಾಗಗಳು ಉಳಿದಿದ್ದವು. ಬೀದಿಯವರು ಪ್ರತಿ ಜುಲೈಯಲ್ಲೂ ಅವನ್ನು ಹೊರತೆಗೆದು, ಅಲಂಕರಿಸಿ, ಪೂಜಿಸಿ, ಮತ್ತೆ ಒಳಗಿಡುತ್ತಿದ್ದರು. ಹೀಗೆ ಹೊರಡದೆ ಮನೆಯಲ್ಲೇ ಕುಳಿತ ರಥಕ್ಕೆ ಯಾಸುಮಿ-ಯಾಮಾ, ಅಂದರೆ ವಿಶ್ರಾಂತಿಯಲ್ಲಿರುವ ರಥ ಎಂದು ಹೆಸರು. ಸತ್ತುಹೋದ ರಥ ಎಂದು ಯಾರೂ ಅನ್ನಲಿಲ್ಲ. ಮರ, ಚಕ್ರ, ಬಟ್ಟೆ ಎಲ್ಲವನ್ನೂ ಹೊಸದಾಗಿ ಮಾಡಿಸಿ, ವಾದ್ಯದವರ ಹೊಸ ತಂಡ ಕಟ್ಟಿ, 2022ರ ಜುಲೈ 24ರಂದು, 196 ವರ್ಷಗಳ ನಂತರ, ತಾಕಾ-ಯಾಮಾ ಮತ್ತೆ ಬೀದಿಗಿಳಿಯಿತು. ಬೆಣೆ ಹಿಡಿಯುವ, ಹಗ್ಗ ಬಿಗಿಯುವ ವಿದ್ಯೆ ಅಕ್ಕಪಕ್ಕದ ಬೀದಿಗಳಲ್ಲಿ ಜೀವಂತವಾಗಿದ್ದರಿಂದ ಇದು ಸಾಧ್ಯವಾಯಿತು. ಓಶೂವಿನಲ್ಲಿ ಅಂಥ ನೆರೆಬೀದಿ ಇಲ್ಲವೆಂಬುದು ನಿಜ; ಆದರೆ ಇವಾತೆಯಲ್ಲಿ ಸೊಮಿನ್‌ನ ಹೆಸರಿನ ಹಬ್ಬ ನಡೆಸುವ ಬೇರೆ ಊರುಗಳಿವೆ, ಕೊಕುಸೆಕಿ-ಜಿಯಲ್ಲಿ ಪ್ರಾರ್ಥನೆ ನಿಂತಿಲ್ಲ.

ತೆಂಕಣಗಾಳಿ

ವಿಶ್ರಾಂತಿಯಲ್ಲಿರುವ ರಥ ಎಂಬ ಮಾತು ನನಗೆ ತಿಳಿದಿರಲಿಲ್ಲ. ಮೇಲೆ ಅನಿವಾರ್ಯವೇ ಎಂದು ಕೇಳಿದ್ದೆ. ಆ ಪ್ರಶ್ನೆಯನ್ನು ಹಿಂದೆಗೆದುಕೊಳ್ಳುತ್ತೇನೆ. ಹೆಂಗಸರ ವಿಷಯದಲ್ಲಿ ಮಾತ್ರ ನನ್ನ ನಿಲುವು ಅದೇ.

ನೂಲೆಳೆ

ಕಮೋದಂಡೆ ಅವರೇ, ಸೊಮಿನ್ ನಿಮ್ಮ ಬೀದಿಯ ಬಾಗಿಲುಗಳ ಮೇಲೆ ಇದ್ದಾನೆ ಎಂದು ಬರೆದಿದ್ದಿರಿ. ಅದು ಯಾವ ರೂಪದಲ್ಲಿ ಎಂದು ತಿಳಿಸುವಿರಾ?

ಕಮೋದಂಡೆ

ಚಿಮಾಕಿ ಎಂಬ ಕಟ್ಟು ಅದು. ಹುಲ್ಲನ್ನು ಉದ್ದನೆಯ ಬಿದಿರೆಲೆಗಳಲ್ಲಿ ಸುತ್ತಿ, ಕೆಲವನ್ನು ಒಟ್ಟಿಗೆ ಕಟ್ಟಿ, "ಸೊಮಿನ್ ಶೋರಾಯನ ಸಂತತಿಯವರು" ಎಂದು ಬರೆದ ಚೀಟಿಯನ್ನು ಅಂಟಿಸುತ್ತಾರೆ. ಚಿಮಾಕಿ ಎಂಬ ಹೆಸರಿನ ತಿಂಡಿಯೂ ಇರುವುದರಿಂದ ಬಿಚ್ಚಿ ತಿನ್ನಲು ಹೊರಡುವ ಪ್ರವಾಸಿಗರುಂಟು, ಇದು ತಿನ್ನುವಂಥದ್ದಲ್ಲ. ಹಬ್ಬದ ದಿನಗಳಲ್ಲಿ ಪ್ರತಿ ರಥದ ಬಳಿಯೂ ಪಡೆಯಬಹುದು, ಅದರ ಹಣ ಆ ರಥದ ಖರ್ಚಿಗೆ ಹೋಗುತ್ತದೆ. ಬಾಗಿಲ ಮೇಲೆ ತೂಗುಹಾಕಿದರೆ ಒಂದು ವರ್ಷವಿಡೀ ಅಲ್ಲೇ ಇರುತ್ತದೆ. ಮುಂದಿನ ಜುಲೈಯಲ್ಲಿ ಹಳೆಯದನ್ನು ದೇಗುಲಕ್ಕೆ ಒಪ್ಪಿಸಿ ಹೊಸದನ್ನು ತರುತ್ತೇವೆ. ನಮ್ಮ ಬಾಗಿಲ ಮೇಲಿನದು ಹಸಿರು ಹೋಗಿ ಪೂರ್ತಿ ಒಣಗಿದೆ, ಚೀಟಿಯ ಅಕ್ಷರಗಳು ಇನ್ನೂ ಓದಲು ಬರುತ್ತವೆ.